ಪಿತ್ತನಾಳದ ಕವಲುಗಳನ್ನು ಎಂಆರ್‌ಸಿಪಿಯಲ್ಲಿ ಓದುವುದು ಹೇಗೆ: ಬಲ ಹಿಂಭಾಗದ ನಾಳದಿಂದ ಶುರುಮಾಡಿ

"ಪಿತ್ತನಾಳಗಳು ಸಹಜವಾಗಿವೆ." ಎಂಆರ್‌ಸಿಪಿ, ಅಂದರೆ ಎಂಆರ್‌ಐ ಯಂತ್ರದಲ್ಲಿ ಪಿತ್ತನಾಳಗಳ ಚಿತ್ರ ತೆಗೆಯುವ ಪರೀಕ್ಷೆಯ ವರದಿಗಳಲ್ಲಿ ಅತಿ ಹೆಚ್ಚು ಕಾಣುವ ಸಾಲು ಇದು. ಸರ್ಜನ್‌ಗೆ ಅತಿ ಕಡಿಮೆ ಉಪಯೋಗಕ್ಕೆ ಬರುವ ಸಾಲೂ ಇದೇ. ನಾಳ ಹಿಗ್ಗಿಲ್ಲ, ಕಲ್ಲಿಲ್ಲ, ಎಲ್ಲೂ ಕಿರಿದಾಗಿಲ್ಲ ಎಂಬಷ್ಟನ್ನು ಅದು ತಿಳಿಸುತ್ತದೆ. ಯಾವ ನಾಳ ಯಾವುದಕ್ಕೆ, ಎಲ್ಲಿ, ಯಾವ ಮಗ್ಗುಲಿನಿಂದ ಸೇರುತ್ತದೆ ಎಂಬುದನ್ನು ತಿಳಿಸುವುದಿಲ್ಲ. ಪಿತ್ತಕೋಶ ತೆಗೆಯುವವರಿಗೂ ಲಿವರ್ ದಾನಿಯ ಬಲಭಾಗವನ್ನು ಬೇರ್ಪಡಿಸುವವರಿಗೂ ಬೇಕಾಗಿರುವುದು ಆ ಮಾಹಿತಿಯೇ.

ಪಠ್ಯಪುಸ್ತಕದಲ್ಲಿ ಬರೆದಿರುವ ಕವಲಿನ ಚಿತ್ರ ನೂರರಲ್ಲಿ ಸುಮಾರು ಅರವತ್ತು ಜನರಿಗೆ ಮಾತ್ರ ಹೊಂದುತ್ತದೆ. ಉಳಿದ ನಲವತ್ತು ಜನರಿಗೂ ಕಾಯಿಲೆಯೇನೂ ಇಲ್ಲ. ಅವರ ಪಿತ್ತರಸ ಬೇರೆ ದಾರಿಯಲ್ಲಿ ಸಲೀಸಾಗಿಯೇ ಕರುಳಿಗೆ ಹರಿಯುತ್ತಿರುತ್ತದೆ. ತೊಂದರೆ ಶುರುವಾಗುವುದು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ, ಪುಸ್ತಕದ ಚಿತ್ರವನ್ನು ನಂಬಿ ಕ್ಲಿಪ್ ಹಾಕಿದಾಗ.

ಈ ಮಾರ್ಗದರ್ಶಿ ರೇಡಿಯಾಲಜಿ ಮತ್ತು ಸರ್ಜರಿಯ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ, ಎಂಆರ್‌ಐ ಟೆಕ್ನೀಷಿಯನ್‌ಗಳಿಗೆ. ತಮ್ಮ ವರದಿಯಲ್ಲಿ "ವೇರಿಯೆಂಟ್ ಅನಾಟಮಿ" ಎಂದು ಓದಿ ಗಾಬರಿಯಾದ ದಾನಿಗಳಿಗೂ ಹಂತ 10ರ ನಂತರ ಒಂದು ಭಾಗವಿದೆ. ವಿಧಾನ ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ಲಿವರ್‌ನ ಬಲ ಹಿಂಭಾಗದ ನಾಳ ಎಲ್ಲಿ ಸೇರುತ್ತದೆ? ಮುಖ್ಯ ವ್ಯತ್ಯಾಸಗಳಲ್ಲಿ ಬಹುಪಾಲು ಈ ಒಂದು ನಾಳದವೇ.

ಓದುವ ಮೊದಲು ತಲೆಯಲ್ಲಿರಬೇಕಾದ ನಕ್ಷೆ

ಫ್ರೆಂಚ್ ಸರ್ಜನ್ ಕ್ಲೋಡ್ ಕ್ವಿನೋ ಹಾಕಿಕೊಟ್ಟ ಲೆಕ್ಕದಲ್ಲಿ ಲಿವರ್‌ಗೆ 8 ಭಾಗಗಳು. ಬಲ ಮುಂಭಾಗ ಎಂದರೆ 5 ಮತ್ತು 8. ಬಲ ಹಿಂಭಾಗ 6 ಮತ್ತು 7. ಎಡಕ್ಕೆ 2, 3, 4. ಹಿಂದೆ ಅವಿತು ಕೂತಿರುವ ಕಾಡೇಟ್ ಭಾಗ 1.

5 ಮತ್ತು 8ರ ಪಿತ್ತವನ್ನು ತರುವುದು ಬಲ ಮುಂಭಾಗದ ನಾಳ. ಇನ್ನು ಮುಂದೆ ಇದನ್ನು ಮುನ್ನಾಳ ಎನ್ನುತ್ತೇನೆ. 6 ಮತ್ತು 7ರದ್ದು ಹಿನ್ನಾಳ. ಮುನ್ನಾಳ ಮೇಲಿಂದ ಕೆಳಕ್ಕೆ ನೆಟ್ಟಗೆ ಇಳಿಯುತ್ತದೆ, ಹಿನ್ನಾಳ ಹೆಚ್ಚುಕಡಿಮೆ ಅಡ್ಡಡ್ಡ ಬರುತ್ತದೆ. ಪುಸ್ತಕದ ಮಾದರಿಯಲ್ಲಿ ಹಿನ್ನಾಳವು ಮುನ್ನಾಳದ ಬೆನ್ನ ಹಿಂದಿನಿಂದ ಹಾದುಹೋಗಿ, ಅದರ ಎಡಮಗ್ಗುಲಿಗೆ ಬಂದು ಕೂಡಿಕೊಳ್ಳುತ್ತದೆ. ಇವೆರಡರಿಂದ ಆದ ಬಲ ಯಕೃತ್ ನಾಳ ತೀರಾ ಗಿಡ್ಡ, ಸರಾಸರಿ ಒಂದು ಸೆಂಟಿಮೀಟರಿನ ಆಸುಪಾಸು. ಎಡ ಯಕೃತ್ ನಾಳ ಅದಕ್ಕಿಂತ ಉದ್ದ. ಎರಡೂ ಸಂಗಮಿಸಿ ಸಾಮಾನ್ಯ ಯಕೃತ್ ನಾಳವಾಗುತ್ತದೆ. ಕೆಳಗೆ ಪಿತ್ತಕೋಶದಿಂದ ಬರುವ ಸಿಸ್ಟಿಕ್ ನಾಳ ಅದಕ್ಕೆ ಸೇರಿದ ಮೇಲೆ ಅದು ಸಾಮಾನ್ಯ ಪಿತ್ತನಾಳ.

ಇಷ್ಟೊಂದು ವ್ಯತ್ಯಾಸ ಯಾಕೆ? ಭ್ರೂಣದಲ್ಲಿ ನಾಲ್ಕನೇ ವಾರದ ಹೊತ್ತಿಗೆ ಕರುಳಿನ ಮುಂಭಾಗದಿಂದ ಒಂದು ಮೊಗ್ಗು ಹೊರಡುತ್ತದೆ. ಲಿವರ್‌ನ ಹೊರಗಿನ ನಾಳಗಳು ಅದರಿಂದ ಬೆಳೆಯುತ್ತವೆ. ಒಳಗಿನ ನಾಳಗಳದ್ದು ಬೇರೆಯೇ ಕಥೆ. ಕರುಳಿನಿಂದ ಲಿವರ್‌ಗೆ ರಕ್ತ ತರುವ ಪೋರ್ಟಲ್ ರಕ್ತನಾಳದ ಕವಲುಗಳ ಸುತ್ತ ಜೀವಕೋಶಗಳ ತೆಳು ಪದರ ಮೂಡಿ, ಅದರಲ್ಲಿ ಕೆಲವು ಭಾಗ ಉಳಿದು ಕೆಲವು ಭಾಗ ಕರಗಿ ಕೊಳವೆಗಳಾಗುತ್ತವೆ. ಯಾವ ಕೊಂಡಿ ಉಳಿಯಿತು, ಯಾವುದು ಕರಗಿತು ಎಂಬುದರ ಮೇಲೆ ಕೊನೆಯ ಜೋಡಣೆ ನಿಂತಿದೆ. ಪಿತ್ತನಾಳ ಹುಡುಕುವಾಗ ಪೋರ್ಟಲ್ ಕವಲನ್ನು ಹಿಡಿದು ಹೋಗಿ ಎಂದು ಹೇಳುವುದಕ್ಕೆ ಕಾರಣವೂ ಇದೇ. ಪ್ರತಿ ಭಾಗದ ಒಳಗೆ ಅವೆರಡೂ ಜೊತೆಯಾಗಿ ಓಡುತ್ತವೆ, ದಾರಿ ತಪ್ಪುವುದು ಲಿವರ್‌ನ ಬಾಗಿಲ ಬಳಿ.

ಹಂತ 1: ಓದಲು ಯೋಗ್ಯವಾದ ಚಿತ್ರ ತೆಗೆಸಿ

ಅಲುಗಾಡಿದ ಚಿತ್ರದಲ್ಲಿ 2 ಮಿಲಿಮೀಟರ್ ನಾಳದ ಕವಲನ್ನು ಯಾರೂ ಓದಲಾರರು. ಆದ್ದರಿಂದ ಕೆಲಸ ಶುರುವಾಗುವುದು ಟೆಕ್ನೀಷಿಯನ್ ಕೈಯಲ್ಲಿ.

ರೋಗಿ ಕನಿಷ್ಠ 4 ಗಂಟೆ ಏನೂ ತಿಂದಿರಬಾರದು. ಹೊಟ್ಟೆ ಖಾಲಿಯಿದ್ದರೆ ಪಿತ್ತಕೋಶ ತುಂಬಿರುತ್ತದೆ, ಕರುಳಿನ ಚಲನೆಯೂ ಕಡಿಮೆ. ಎಂಆರ್‌ಸಿಪಿಯಲ್ಲಿ ನಿಂತ ದ್ರವವೆಲ್ಲ ಬೆಳ್ಳಗೆ ಹೊಳೆಯುವುದರಿಂದ ಜಠರ, ಡುವೋಡಿನಮ್‌ನ (ಸಣ್ಣ ಕರುಳಿನ ಮೊದಲ ಭಾಗ) ದ್ರವವೂ ನಾಳಗಳ ಮೇಲೆ ಬಿದ್ದು ಗೊಂದಲ ಮಾಡುತ್ತದೆ. ಇದಕ್ಕೆ ಅಗ್ಗದ ಉಪಾಯ ಅನಾನಸ್ ರಸ. ಅದರಲ್ಲಿರುವ ಮ್ಯಾಂಗನೀಸ್ ಆ ಹೊಳಪನ್ನು ತಗ್ಗಿಸುತ್ತದೆ. ಸ್ಕ್ಯಾನಿಗೆ ಸ್ವಲ್ಪ ಮುಂಚೆ ಒಂದು ಲೋಟ ಕುಡಿಸುವ ರೂಢಿ ಹಲವು ಕಡೆ ಇದೆ. ಡಯಾಬಿಟಿಸ್ ಇದ್ದವರಲ್ಲಿ ಸಕ್ಕರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಎರಡು ಬಗೆಯ ಚಿತ್ರ ಬೇಕು. ಒಂದು, ಒಂದೇ ಉಸಿರಿನಲ್ಲಿ ತೆಗೆಯುವ ದಪ್ಪ ಸ್ಲ್ಯಾಬ್. ನಾಳಗಳ ಒಟ್ಟು ರೂಪ ಒಂದೇ ನೋಟಕ್ಕೆ ಸಿಗುತ್ತದೆ. ಇನ್ನೊಂದು, ಉಸಿರಾಟದ ಲಯಕ್ಕೆ ಹೊಂದಿಸಿ ಕೆಲವು ನಿಮಿಷ ತೆಗೆಯುವ 3ಡಿ ಸರಣಿ, ಸುಮಾರು 1 ಮಿಲಿಮೀಟರ್ ದಪ್ಪದ ಪದರಗಳು. ಕವಲು ಓದಲು ಎರಡನೆಯದೇ ಆಧಾರ, ಅದು ಕೆಟ್ಟರೆ ಎಲ್ಲವೂ ಕೆಟ್ಟಂತೆ. ಯಂತ್ರದೊಳಗೆ ಕಳಿಸುವ ಮೊದಲೇ ರೋಗಿಯ ಭಾಷೆಯಲ್ಲಿ "ಉಸಿರು ಬಿಡಿ, ಹಾಗೇ ಹಿಡಿಯಿರಿ" ಎಂಬುದನ್ನು ಒಂದೆರಡು ಸಲ ಅಭ್ಯಾಸ ಮಾಡಿಸಿ. ಧ್ವನಿಮುದ್ರಿತ ಇಂಗ್ಲಿಷ್ ಸೂಚನೆ ಮೊದಲ ಸಲಕ್ಕೆ ಯಂತ್ರದೊಳಗಿಂದ ಕೇಳಿಬಂದಾಗ ಹಳ್ಳಿಯಿಂದ ಬಂದ ಅಜ್ಜಿ ಬೆಚ್ಚುವುದೇ ಹೆಚ್ಚು. ಹೊಸ ಸಾಫ್ಟ್‌ವೇರ್‌ಗಿಂತ ಈ ಎರಡು ನಿಮಿಷದ ಮಾತು ಹೆಚ್ಚು ಲಾಭ ತರುತ್ತದೆ ಎಂಬುದು ನನ್ನ ಅಭಿಪ್ರಾಯ.

ನಾಳಗಳು ಹಿಗ್ಗದ ಆರೋಗ್ಯವಂತ ದಾನಿಯಲ್ಲಿ ಸಣ್ಣ ಕವಲುಗಳು ಮಸುಕಾಗಿಯೇ ಕಾಣುತ್ತವೆ. ಅಂಥ ಕಡೆ ಗ್ಯಾಡಾಕ್ಸೆಟೇಟ್ ಎಂಬ ಕಾಂಟ್ರಾಸ್ಟ್ ಸಹಾಯಕ್ಕೆ ಬರುತ್ತದೆ. ಚುಚ್ಚಿದ ಔಷಧದ ಸುಮಾರು ಅರ್ಧದಷ್ಟನ್ನು ಲಿವರ್ ಹೀರಿ ಪಿತ್ತಕ್ಕೆ ಬಿಡುತ್ತದೆ. 20 ನಿಮಿಷದ ಹೊತ್ತಿಗೆ ಟಿ1 ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ನಾಳಗಳು ತುಂಬಿ ಹೊಳೆಯುತ್ತವೆ. ಕ್ರಮ ಮಾತ್ರ ತಪ್ಪಬಾರದು. ಔಷಧ ಪಿತ್ತಕ್ಕೆ ಇಳಿದ ಮೇಲೆ ದ್ರವವನ್ನು ಬೆಳ್ಳಗೆ ತೋರಿಸುವ ಮಾಮೂಲಿ ಟಿ2 ಎಂಆರ್‌ಸಿಪಿ ತೆಗೆದರೆ ನಾಳಗಳು ಕಪ್ಪಾಗಿ ಮಾಯವಾಗುತ್ತವೆ, ಹಾಗಾಗಿ ಟಿ2 ಮೊದಲು ಮುಗಿಸಿ. ಬಿಲಿರುಬಿನ್ ತುಂಬ ಏರಿದವರಲ್ಲಿ ಔಷಧ ಪಿತ್ತಕ್ಕೆ ಸರಿಯಾಗಿ ಬರುವುದೇ ಇಲ್ಲ.

ಹಂತ 2: ಸುಂದರ ಚಿತ್ರವನ್ನು ಬದಿಗಿಟ್ಟು ಪದರಗಳಿಗೆ ಹೋಗಿ

3ಡಿ ಸರಣಿಯಿಂದ ಕಂಪ್ಯೂಟರ್ ಕಟ್ಟಿಕೊಡುವ ಎಂಐಪಿ ಚಿತ್ರ ನೋಡಲು ಚೆಂದ. ಗೋಡೆಗೆ ನೇತುಹಾಕಬಹುದು. ಆದರೆ ಅದು ಎಲ್ಲವನ್ನೂ ಒಂದೇ ಸಮತಲಕ್ಕೆ ಚಪ್ಪಟೆ ಮಾಡಿರುತ್ತದೆ. ಒಂದರ ಹಿಂದೊಂದು ಹಾದುಹೋದ ನಾಳಗಳು ಕೂಡಿಕೊಂಡಂತೆ ಕಾಣುತ್ತವೆ. ಬೆಳ್ಳನೆಯ ಪಿತ್ತದೊಳಗಿನ ಚಿಕ್ಕ ಕಲ್ಲು ಪೂರ್ತಿ ಮುಚ್ಚಿಹೋಗುತ್ತದೆ. ಎಂಐಪಿ ನೋಡಿ ಒಂದು ಅಂದಾಜು ಮಾಡಿಕೊಳ್ಳಿ, ತೀರ್ಮಾನವನ್ನು ಮೂಲ ಪದರಗಳಲ್ಲಿ ಮಾಡಿ.

ಮೊದಲು ಕೆಳಗಿನಿಂದ ಮೇಲಕ್ಕೆ ಹೋಗಿ. ಪ್ಯಾಂಕ್ರಿಯಾಸ್ ತಲೆಯ ಹಿಂದಿರುವ ಸಾಮಾನ್ಯ ಪಿತ್ತನಾಳವನ್ನು ಹಿಡಿದು ಒಂದೊಂದೇ ಪದರ ಏರುತ್ತ, ಅದಕ್ಕೆ ಬಲದಿಂದ, ಎಡದಿಂದ, ಹಿಂದಿನಿಂದ ಏನೇನು ಸೇರುತ್ತಿದೆ ಎಂದು ಗುರುತು ಹಾಕಿಕೊಳ್ಳಿ. ಸಂಗಮ ತಲುಪಿದಾಗ ಅಲ್ಲಿ ಎಷ್ಟು ನಾಳಗಳು ಬಾಯಿ ತೆರೆದಿವೆ ಎಂದು ಎಣಿಸಿ. ಎರಡಿದ್ದರೆ ಸಮಾಧಾನಪಡುವ ಹಾಗಿಲ್ಲ. ಆ ಎರಡು ಯಾವುವು ಎಂಬುದು ಇನ್ನೂ ಗೊತ್ತಾಗಿಲ್ಲ.

ಹಂತ 3: ಹಿನ್ನಾಳವನ್ನು ತುದಿಯಿಂದ ಬುಡಕ್ಕೆ ಹಿಂಬಾಲಿಸಿ

ಇದೇ ಇಡೀ ಓದಿನ ತಿರುಳು, ಸಮಯವನ್ನು ಇಲ್ಲಿ ಸುರಿಯಿರಿ.

ಈ ಸಲ ಹೊರಗಿನಿಂದ ಒಳಕ್ಕೆ ಬನ್ನಿ. ಆಕ್ಸಿಯಲ್ (ದೇಹವನ್ನು ಅಡ್ಡಕ್ಕೆ ಕೊಯ್ದಂತೆ ತೋರಿಸುವ) ಪದರದಲ್ಲಿ ಬಲ ಹೆಪಾಟಿಕ್ ವೇನ್, ಅಂದರೆ ಲಿವರ್‌ನಿಂದ ರಕ್ತ ಹೊರಗೊಯ್ಯುವ ಬಲ ರಕ್ತನಾಳವನ್ನು ಗುರುತಿಸಿ. ಅದರ ಹಿಂದೆ, ಬೆನ್ನಿನ ಕಡೆ ಇರುವುದು 6 ಮತ್ತು 7. ಅಲ್ಲಿ ಪೋರ್ಟಲ್ ಕವಲಿನ ಪಕ್ಕ ಓಡುವ ತೆಳ್ಳನೆಯ ಬಿಳಿ ಗೆರೆಯನ್ನು ಹಿಡಿಯಿರಿ. ಅದು ಸಿಕ್ಕಿದ ಮೇಲೆ ಬಿಡಬೇಡಿ. ಪದರ ಬದಲಿಸುತ್ತ ಅದು ಇನ್ನೊಂದು ನಾಳದೊಳಗೆ ಕರಗುವ ತನಕ ಹಿಂಬಾಲಿಸಿ. ಕೊರೋನಲ್ (ಎದುರಿನಿಂದ ನೋಡಿದಂಥ) ಎಂಐಪಿಯಲ್ಲಿ ಹಿನ್ನಾಳ ಮುನ್ನಾಳವನ್ನು ದಾಟುವ ಜಾಗ ಎಡನಾಳದ ತೀರಾ ಹತ್ತಿರ ಬೀಳುವುದರಿಂದ, ಪುಸ್ತಕದಂತೆಯೇ ಇರುವ ಎಷ್ಟೋ ಹಿನ್ನಾಳಗಳು ಎಡನಾಳಕ್ಕೆ ಸೇರಿದಂತೆ ತೋರುತ್ತವೆ. ಚಿತ್ರವನ್ನು ಎರಡೂ ಕಡೆಗೆ ತಿರುಗಿಸಿ ನೋಡಿ. ಬರೇ ದಾಟಿದ್ದರೆ ತಿರುಗಿಸಿದಾಗ ನಡುವೆ ಕಂಡಿ ಬಿಡುತ್ತದೆ; ಸೇರಿದ್ದರೆ ಎಷ್ಟು ತಿರುಗಿಸಿದರೂ ಬಿಡುವುದಿಲ್ಲ.

ಎಲ್ಲಿ ಸೇರುತ್ತದೆ ಎಂಬುದಕ್ಕೆ ಐದು ಮುಖ್ಯ ಉತ್ತರಗಳಿವೆ. ತೈವಾನ್‌ನ ಹುವಾಂಗ್ ಮತ್ತು ಸಂಗಡಿಗರು 1996ರಲ್ಲಿ, ಲಿವರ್ ದಾನಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ವರ್ಗೀಕರಣ ಸರಳವಾಗಿರುವುದರಿಂದ ಅದನ್ನೇ ಬಳಸುತ್ತೇನೆ. ಬೇರೆ ವರ್ಗೀಕರಣಗಳು ಬೇಕಾದಷ್ಟಿವೆ. ಒಂದು ಆಸ್ಪತ್ರೆಯಲ್ಲಿ ರೇಡಿಯಾಲಜಿಸ್ಟ್ ಮತ್ತು ಸರ್ಜನ್ ಒಂದೇ ವರ್ಗೀಕರಣ ಬಳಸಿದರೆ ಸಾಕು, ಯಾವುದಾದರೂ ನಡೆಯುತ್ತದೆ.

ಎ1 ಪುಸ್ತಕದ ಮಾದರಿ. ಅವರ ಸರಣಿಯಲ್ಲಿ ಸುಮಾರು 63 ಪ್ರತಿಶತ.

ಎ2ರಲ್ಲಿ ಮುನ್ನಾಳ, ಹಿನ್ನಾಳ, ಎಡನಾಳ ಮೂರೂ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಬಲ ಯಕೃತ್ ನಾಳ ಎಂಬುದೇ ಇರುವುದಿಲ್ಲ. ಸುಮಾರು 19 ಪ್ರತಿಶತ. ಎ1 ಮತ್ತು ಎ2ರ ನಡುವಿನ ಗಡಿ ಬಹಳ ತೆಳು: ಬಲನಾಳ 2 ಮಿಲಿಮೀಟರ್ ಇದ್ದರೆ ಅದನ್ನು ಎ1 ಅನ್ನಬೇಕೋ ಎ2 ಅನ್ನಬೇಕೋ ಎಂದು ಇಬ್ಬರು ಓದುಗರು ಜಗಳವಾಡಬಹುದು. ಆ ಜಗಳಕ್ಕೆ ಅರ್ಥವಿಲ್ಲ. ಬಲನಾಳದ ಉದ್ದವನ್ನು ಅಳೆದು ಬರೆದುಬಿಡಿ. ದಾನಿಯ ಬಲಭಾಗ ಕತ್ತರಿಸುವಾಗ ಆ 2 ಮಿಲಿಮೀಟರಿನಲ್ಲಿ ಒಂದೇ ಬಾಯಿ ಸಿಗುವುದು ಕಷ್ಟ, ಎರಡು ಬಾಯಿ ಸಿಗುತ್ತದೆ ಎಂದು ಸರ್ಜನ್ ತಾವೇ ತಿಳಿದುಕೊಳ್ಳುತ್ತಾರೆ.

ಎ3ರಲ್ಲಿ ಹಿನ್ನಾಳ ಎಡನಾಳಕ್ಕೆ ಸೇರುತ್ತದೆ, ಸುಮಾರು 11 ಪ್ರತಿಶತ. ಇದು ಅಪಾಯ ತರುವುದು ಅನಿರೀಕ್ಷಿತ ಕಡೆಯಿಂದ. ಎಡಭಾಗದ ಗಡ್ಡೆಗೆ ಲಿವರ್‌ನ ಎಡ ಅರ್ಧ ತೆಗೆಯುವ ಸರ್ಜನ್, ಎಡನಾಳವನ್ನು ಸಂಗಮದ ಹತ್ತಿರ ಕತ್ತರಿಸಿದರೆ, ಉಳಿಸಬೇಕಾಗಿದ್ದ ಬಲಭಾಗದ ಹಿನ್ನಾಳವೂ ಅದರ ಜೊತೆ ಹೋಗುತ್ತದೆ. ಆದ್ದರಿಂದ ಎಡಭಾಗದ ಶಸ್ತ್ರಚಿಕಿತ್ಸೆಗೂ ಬಲ ಹಿನ್ನಾಳವನ್ನೇ ಹುಡುಕಬೇಕು. ಬಲಭಾಗ ದಾನ ಮಾಡುವವರಲ್ಲಿ ಎ3 ಎಂದರೆ ದೂರದೂರ ಇರುವ ಎರಡು ಬಾಯಿಗಳು.

ಎ4ರಲ್ಲಿ ಹಿನ್ನಾಳ ಸಂಗಮವನ್ನು ತಪ್ಪಿಸಿ ಕೆಳಗಿಳಿದು ಸಾಮಾನ್ಯ ಯಕೃತ್ ನಾಳಕ್ಕೆ ನೇರವಾಗಿ ಸೇರುತ್ತದೆ. ಸುಮಾರು 6 ಪ್ರತಿಶತ. ಎ5ರಲ್ಲಿ ಅದು ಸಿಸ್ಟಿಕ್ ನಾಳಕ್ಕೇ ಸೇರುತ್ತದೆ, 2 ಪ್ರತಿಶತಕ್ಕೂ ಕಡಿಮೆ. ಪಿತ್ತಕೋಶದ ಲ್ಯಾಪರೊಸ್ಕೋಪಿಗೆ ಸಂಬಂಧಿಸಿದಂತೆ ಭಯಪಡಬೇಕಾದವು ಇವೆರಡೇ. ಲಿವರ್‌ನ ಅಂಚು, ಸಾಮಾನ್ಯ ಯಕೃತ್ ನಾಳ, ಸಿಸ್ಟಿಕ್ ನಾಳ ಈ ಮೂರರ ನಡುವಿನ ತ್ರಿಕೋನದಲ್ಲಿಯೇ ಸರ್ಜನ್ ಕೆಲಸ ಮಾಡುವುದು. ಎ4ರ ಹಿನ್ನಾಳ ಆ ತ್ರಿಕೋನದೊಳಗೆ ಹಾದುಹೋಗುತ್ತದೆ. ಊತ ಬಂದ ಪಿತ್ತಕೋಶದಲ್ಲಿ ಅದು ಸಿಸ್ಟಿಕ್ ನಾಳದಂತೆಯೋ ರಕ್ತನಾಳದಂತೆಯೋ ಕಾಣುತ್ತದೆ. ಎ5ರಲ್ಲಿ ಸಿಸ್ಟಿಕ್ ನಾಳವನ್ನು ಸರಿಯಾಗಿಯೇ ಗುರುತಿಸಿ, ಸರಿಯಾಗಿಯೇ ಕ್ಲಿಪ್ ಹಾಕಿದರೂ, ಕ್ಲಿಪ್ ಬಿದ್ದ ಜಾಗ ಹಿನ್ನಾಳ ಸೇರುವ ಬಿಂದುವಿಗಿಂತ ಕೆಳಗಿದ್ದರೆ 6 ಮತ್ತು 7ರ ಪಿತ್ತಕ್ಕೆ ಹೊರದಾರಿಯೇ ಇಲ್ಲ.

ಹಂತ 4: ಪೋರ್ಟಲ್ ಕವಲಿನ ಮೇಲೋ, ಕೆಳಗೋ?

ಹಿನ್ನಾಳ ಎಲ್ಲಿ ಸೇರಿತು ಎಂದು ತಿಳಿದ ಮೇಲೆ ಅದು ಯಾವ ದಾರಿಯಲ್ಲಿ ಬಂತು ಎಂದು ನೋಡಿ. ಬಹುಪಾಲು ಜನರಲ್ಲಿ ಅದು ಬಲ ಮುಂಭಾಗದ ಪೋರ್ಟಲ್ ಕವಲಿನ ಮೇಲಿನಿಂದ ಹಿಂಬದಿಗೆ ಬಳಸಿ, ಮಾವಿನಕಾಯಿ ಕೀಳುವ ದೋಟಿಯ ಕೊಕ್ಕೆಯಂತೆ ಬಾಗಿ ಬರುತ್ತದೆ. ಸ್ವೀಡನ್ನಿನ ಅಂಗರಚನಾ ಶಾಸ್ತ್ರಜ್ಞ ಯೋರ್ಟ್‌ಶೋ 1951ರಲ್ಲಿ ಇದನ್ನು ವಿವರಿಸಿದ್ದರಿಂದ ಆ ಬಾಗಿಗೆ ಅವರ ಹೆಸರೇ ಇದೆ. ಬಲ ಮುಂಭಾಗದ ಕವಲನ್ನು ಅದರ ಬುಡಕ್ಕೆ ತಾಗಿಸಿ ಕಟ್ಟಿದರೆ ಈ ಕೊಕ್ಕೆ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಬುಡದಿಂದ ಸ್ವಲ್ಪ ದೂರದಲ್ಲಿ ಕಟ್ಟುವುದು ಕ್ರಮ.

ಕೆಲವರಲ್ಲಿ ಹಿನ್ನಾಳ ಪೋರ್ಟಲ್ ಕವಲಿನ ಕೆಳಗಿನಿಂದ ಬರುತ್ತದೆ. ಆಗ ಅದು ಮುನ್ನಾಳಕ್ಕೆ ಎಡಮಗ್ಗುಲಿನ ಬದಲು ಬಲಮಗ್ಗುಲಿನಿಂದಲೂ ಸೇರಬಹುದು. ಟಿ2 ಚಿತ್ರದಲ್ಲಿ ಪೋರ್ಟಲ್ ರಕ್ತನಾಳ ಕಪ್ಪು, ಪಿತ್ತನಾಳ ಬಿಳಿ. ಕೊರೋನಲ್ ಪದರದಲ್ಲಿ ಬಿಳಿ ಗೆರೆ ಕಪ್ಪು ಉಂಗುರದ ಮೇಲಿದೆಯೋ ಕೆಳಗಿದೆಯೋ ಎಂದು ನೋಡಿದರೆ ಉತ್ತರ ಸಿಗುತ್ತದೆ. ವರದಿಗಳಲ್ಲಿ ಅತಿ ಹೆಚ್ಚು ಬಿಟ್ಟುಹೋಗುವ ಒಂದು ಸಾಲು ಇದು.

ಹಂತ 5: ಎಡಭಾಗ

ಇಲ್ಲಿ ಕೆಲಸ ಕಡಿಮೆ. 2 ಮತ್ತು 3ರ ನಾಳಗಳು ಕೂಡಿ, ಮುಂದೆ 4ರ ನಾಳ ಅದಕ್ಕೆ ಸೇರಿ ಎಡನಾಳವಾಗುವುದು ವಾಡಿಕೆ. 4ರ ನಾಳ 3ಕ್ಕೆ ಸೇರಿರಬಹುದು, ಅಥವಾ ಸಂಗಮದ ತೀರಾ ಹತ್ತಿರಕ್ಕೆ ಬಂದು ಸೇರಿರಬಹುದು. ಇದು ಲೆಕ್ಕಕ್ಕೆ ಬರುವುದು ಮುಖ್ಯವಾಗಿ ಮಕ್ಕಳ ಕಸಿಯಲ್ಲಿ. ತಾಯಿಯೋ ತಂದೆಯೋ 2 ಮತ್ತು 3ನೇ ಭಾಗಗಳನ್ನು ಮಾತ್ರ ಕೊಡುವಾಗ ಕತ್ತರಿಸುವ ಗೆರೆ 4ರ ನಾಳದ ಪಕ್ಕದಲ್ಲೇ ಹಾದುಹೋಗುತ್ತದೆ. ಅಂಥ ದಾನಿಯಲ್ಲಿ 4ರ ನಾಳ ಎಲ್ಲಿ ಸೇರುತ್ತದೆ ಎಂಬುದನ್ನು ದೂರದ ಅಳತೆಯೊಂದಿಗೆ ಬರೆಯಿರಿ.

ಹಂತ 6: ಸಿಸ್ಟಿಕ್ ನಾಳದ ಕೊನೆ ಹುಡುಕಿ

ಪಿತ್ತಕೋಶದ ಕತ್ತಿನಿಂದ ಶುರುಮಾಡಿ. ಸಿಸ್ಟಿಕ್ ನಾಳದ ಉದ್ದ ಸಾಮಾನ್ಯವಾಗಿ 2ರಿಂದ 4 ಸೆಂಟಿಮೀಟರ್, ಒಳಗೆ ಸುರುಳಿಯಂಥ ಮಡಿಕೆಗಳಿರುವುದರಿಂದ ಅಂಕುಡೊಂಕಾಗಿ ಕಾಣುತ್ತದೆ. ಬಲಮಗ್ಗುಲಿನಿಂದ, ನಾಳದ ನಡುಭಾಗಕ್ಕೆ ಸೇರುವುದು ಹೆಚ್ಚು.

ಗಮನಿಸಬೇಕಾದ ಬದಲಾವಣೆಗಳು ಮೂರು. ತೀರಾ ಕೆಳಕ್ಕೆ, ಡುವೋಡಿನಮ್‌ನ ಹತ್ತಿರ ಸೇರುವುದು ಒಂದು. ಸಾಮಾನ್ಯ ಯಕೃತ್ ನಾಳದ ಮುಂದಿನಿಂದಲೋ ಹಿಂದಿನಿಂದಲೋ ಬಳಸಿ ಅದರ ಎಡಮಗ್ಗುಲಿಗೆ ಸೇರುವುದು ಇನ್ನೊಂದು. ಮೂರನೆಯದು, ಒಂದೇ ಪೊರೆಯೊಳಗೆ ಮುಖ್ಯ ನಾಳದ ಪಕ್ಕದಲ್ಲೇ ಬಹುದೂರ ಜೊತೆಯಾಗಿ ಇಳಿಯುವುದು. ಈ ಮೂರನೆಯದರಲ್ಲಿ ಸಿಸ್ಟಿಕ್ ನಾಳವನ್ನು ಅದರ ಕೊನೆಯ ತನಕ ಬಿಡಿಸಿ ತೆಗೆಯುವ ಹಟ ಮಾಡಿದರೆ ಪಕ್ಕದ ಮುಖ್ಯ ನಾಳ ಹರಿಯುತ್ತದೆ. ಬಿಟ್ಟರೆ ಉದ್ದನೆಯ ತುಂಡು ಒಳಗೆ ಉಳಿದು ಮುಂದೆ ಎಂದಾದರೂ ಅದರಲ್ಲಿ ಕಲ್ಲಾಗಬಹುದು. ಎರಡರಲ್ಲಿ ತುಂಡು ಬಿಡುವುದೇ ಮೇಲು. ಕಲ್ಲನ್ನು ಆಮೇಲೆ ತೆಗೆಯಬಹುದು, ಹರಿದ ನಾಳವನ್ನು ಕಟ್ಟುವುದು ದೊಡ್ಡ ಶಸ್ತ್ರಚಿಕಿತ್ಸೆ.

ಸಾಮಾನ್ಯ ಯಕೃತ್ ನಾಳದ ನಡುವೆ ಅಡ್ಡಕ್ಕೆ ಒಂದು ಕಪ್ಪು ಗೆರೆ ಕಂಡರೆ ಕಿರಿದಾಗಿದೆ ಎಂದು ತಟ್ಟನೆ ಬರೆಯಬೇಡಿ. ಲಿವರ್‌ನ ಬಲಭಾಗಕ್ಕೆ ರಕ್ತ ಒಯ್ಯುವ ಬಲ ಹೆಪಾಟಿಕ್ ಆರ್ಟರಿ ಅಲ್ಲೇ ದಾಟುತ್ತದೆ, ಅದರ ಮಿಡಿತ ನಾಳವನ್ನು ಒತ್ತಿ ಸುಳ್ಳು ಕಿರಿದನ್ನು ತೋರಿಸುತ್ತದೆ. ಅದರ ಮೇಲ್ಭಾಗದ ನಾಳ ಹಿಗ್ಗಿಲ್ಲದಿದ್ದರೆ ಅನುಮಾನ ಆರ್ಟರಿಯ ಮೇಲೆಯೇ ಇರಲಿ.

ಹಂತ 7: ಕಾಣದ ನಾಳಗಳ ಬಗ್ಗೆ ನಾಲ್ಕು ಮಾತು

ಪಿತ್ತಕೋಶ ಅಂಟಿಕೊಂಡ ಲಿವರ್ ಹಾಸಿಗೆಯಲ್ಲಿ ಕೂದಲೆಳೆಯಂಥ ನಾಳಗಳಿರಬಹುದು. ಜರ್ಮನಿಯ ಟ್ಯೂಬಿಂಗೆನ್‌ನ ಹ್ಯೂಬರ್ಟ್ ಫಾನ್ ಲುಷ್ಕಾ 1863ರಲ್ಲಿ ಇವುಗಳ ಬಗ್ಗೆ ಬರೆದರು. ಸರ್ಜನ್‌ಗಳು ಇಂದಿಗೂ ಲುಷ್ಕಾ ನಾಳ ಎಂದೇ ಕರೆಯುತ್ತಾರೆ. ಪಿತ್ತಕೋಶ ತೆಗೆದ ಮೇಲೆ ಬರುವ ಪಿತ್ತ ಸೋರಿಕೆಯಲ್ಲಿ ಸಿಸ್ಟಿಕ್ ನಾಳದ ತುಂಡಿನ ನಂತರದ ಸ್ಥಾನ ಇವುಗಳದ್ದೇ. ಎಂಆರ್‌ಸಿಪಿಯಲ್ಲಿ ಇವು ಸಾಮಾನ್ಯವಾಗಿ ಕಾಣುವುದಿಲ್ಲ. "ಕಾಣಲಿಲ್ಲ" ಎಂದು ಬರೆಯಬಹುದು, "ಇಲ್ಲ" ಎಂದು ಬರೆಯಬಾರದು.

ಹಂತ 8: ಪೋರ್ಟಲ್ ರಕ್ತನಾಳವನ್ನೂ ಒಮ್ಮೆ ನೋಡಿ

ಪೋರ್ಟಲ್ ಕವಲು ವಿಚಿತ್ರವಾಗಿದ್ದರೆ, ಉದಾಹರಣೆಗೆ ಬಲ ಹಿಂಭಾಗದ ಕವಲು ಎಲ್ಲಕ್ಕಿಂತ ಮೊದಲು ಒಡೆದಿದ್ದರೆ, ಪಿತ್ತನಾಳವೂ ಬೇರೆಯಾಗಿರುವ ಸಂಭವ ಹೆಚ್ಚು. ಅದನ್ನು ಕಂಡರೆ ಹಂತ 3ಕ್ಕೆ ವಾಪಸ್ ಹೋಗಿ ಮತ್ತೆ ಓದಿ. ಆದರೆ ಪೋರ್ಟಲ್ ಸರಿಯಾಗಿದೆ ಎಂಬ ಒಂದೇ ಕಾರಣಕ್ಕೆ ಪಿತ್ತನಾಳವೂ ಸರಿಯಾಗಿರುತ್ತದೆ ಎಂದುಕೊಳ್ಳುವಂತಿಲ್ಲ. ಪಿತ್ತಕೋಶ ರೌಂಡ್ ಲಿಗಮೆಂಟ್‌ನ (ಲಿವರ್‌ನಿಂದ ಹೊಕ್ಕುಳಿಗೆ ಹೋಗುವ ನಾರಿನ ಹುರಿ) ಎಡಕ್ಕೆ ಕೂತಿದ್ದರಂತೂ ಒಳಗಿನ ಎಲ್ಲವನ್ನೂ ಅನುಮಾನದಿಂದಲೇ ನೋಡಿ.

ಹಂತ 9: ಸರ್ಜನ್ ಓದುವಂಥ ವರದಿ ಬರೆಯಿರಿ

"ವೇರಿಯೆಂಟ್ ಅನಾಟಮಿ ಇದೆ" ಎಂದು ಬರೆದು ಬಿಡುವುದು, ರಸ್ತೆಯಲ್ಲಿ ತಿರುವಿದೆ ಎಂದು ಹೇಳಿ ಎಡಕ್ಕೋ ಬಲಕ್ಕೋ ಎಂದು ಹೇಳದೆ ಹೋದಂತೆ. ವರ್ಗೀಕರಣದ ಸಂಕೇತ ಮಾತ್ರ ಬರೆದರೂ ಸಾಲದು, ಯಾರ ವರ್ಗೀಕರಣ ಎಂಬ ಗೊಂದಲ ಉಳಿಯುತ್ತದೆ. ವಾಕ್ಯದಲ್ಲಿ ಹೇಳಿ. ಹೀಗೆ:

"ಬಲ ಹಿಂಭಾಗದ ನಾಳವು (6 ಮತ್ತು 7) ಸಂಗಮದಿಂದ 12 ಮಿ.ಮೀ. ಕೆಳಗೆ, ಸಾಮಾನ್ಯ ಯಕೃತ್ ನಾಳದ ಬಲಮಗ್ಗುಲಿಗೆ ನೇರವಾಗಿ ಸೇರುತ್ತದೆ, ಹುವಾಂಗ್ ಎ4. ಅದು ಬಲ ಮುಂಭಾಗದ ಪೋರ್ಟಲ್ ಕವಲಿನ ಕೆಳಗಿನಿಂದ ಬರುತ್ತದೆ. ಸಿಸ್ಟಿಕ್ ನಾಳವು ಈ ಬಿಂದುವಿನಿಂದ 6 ಮಿ.ಮೀ. ಕೆಳಗೆ ಸೇರುತ್ತದೆ. 4ನೇ ಭಾಗದ ನಾಳ ಎಡನಾಳಕ್ಕೆ ಸೇರುತ್ತದೆ."

ನಾಲ್ಕು ವಾಕ್ಯ, ನಾಲ್ಕೂ ಕೆಲಸಕ್ಕೆ ಬರುವವು. ಇದರ ಜೊತೆ ಕೈಯಲ್ಲಿ ಬರೆದ ಒಂದು ಗೆರೆಚಿತ್ರ ಇದ್ದರೆ ಇನ್ನೂ ಒಳ್ಳೆಯದು. ನಾಳಗಳಿಗೆ ಭಾಗದ ಅಂಕಿ ಹಾಕಿ, ಫೋಟೊ ತೆಗೆದು ವರದಿಗೆ ಸೇರಿಸಿ. ಚಿತ್ರ ಬಿಡಿಸಲು ಆಗದೆ ಕೈ ನಿಂತ ಜಾಗದಲ್ಲೇ ನಿಮ್ಮ ಓದು ಅಪೂರ್ಣವಾಗಿರುತ್ತದೆ. ಪದರಗಳಿಗೆ ಮರಳಿ ಅದನ್ನು ಮುಗಿಸಿ. ಚಿತ್ರ ಅಲುಗಾಡಿ ಹಿನ್ನಾಳ ಸಿಗದೇ ಹೋಗಿದ್ದರೆ ಹಾಗೆಂದೇ ಬರೆಯಿರಿ.

ಹಂತ 10: ನಕ್ಷೆ ಇಲ್ಲದೆ ಒಳಹೊಕ್ಕಾಗ

ಪಿತ್ತಕೋಶದ ಕಲ್ಲಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವ ಬಹುಪಾಲು ಜನರಿಗೆ ಎಂಆರ್‌ಸಿಪಿ ಆಗಿರುವುದೇ ಇಲ್ಲ, ಆಗಬೇಕಾಗಿಯೂ ಇಲ್ಲ. ಅಲ್ಟ್ರಾಸೌಂಡ್ ಮತ್ತು ರಕ್ತಪರೀಕ್ಷೆ ಸಾಕು. ನಾಳ ಹಿಗ್ಗಿದ್ದರೆ, ಬಿಲಿರುಬಿನ್ ಏರಿದ್ದರೆ, ನಾಳದಲ್ಲಿ ಕಲ್ಲಿನ ಅನುಮಾನವಿದ್ದರೆ ಮಾತ್ರ ಎಂಆರ್‌ಸಿಪಿ. ಹೀಗಾಗಿ ಎ4, ಎ5 ಇರುವ ಎಷ್ಟೋ ರೋಗಿಗಳು ಯಾರಿಗೂ ಗೊತ್ತಿಲ್ಲದೆ ಮೇಜಿನ ಮೇಲೆ ಮಲಗುತ್ತಾರೆ. ಅವರನ್ನು ಕಾಯುವುದು ಸರ್ಜನ್‌ನ ಶಿಸ್ತು ಒಂದೇ.

1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಮೊದಲ ಸಲ ಲ್ಯಾಪರೊಸ್ಕೋಪಿಯಿಂದ ಪಿತ್ತಕೋಶ ತೆಗೆದ ಮೇಲೆ ಈ ವಿಧಾನ ಬೇಗ ಹರಡಿತು, ಅದರ ಬೆನ್ನಿಗೇ ನಾಳದ ಗಾಯಗಳೂ ಏರಿದವು. 1995ರಲ್ಲಿ ಅಮೆರಿಕದ ಸ್ಟೀವನ್ ಸ್ಟ್ರಾಸ್‌ಬರ್ಗ್ ಮತ್ತು ಸಂಗಡಿಗರು ಮೂರು ಷರತ್ತುಗಳನ್ನು ಮುಂದಿಟ್ಟರು: ತ್ರಿಕೋನದಲ್ಲಿನ ಕೊಬ್ಬು, ನಾರು ಪೂರ್ತಿ ತೆರವಾಗಬೇಕು, ಪಿತ್ತಕೋಶದ ಕೆಳಗಿನ ಮೂರನೇ ಒಂದು ಭಾಗ ಲಿವರ್ ಹಾಸಿಗೆಯಿಂದ ಬಿಡಿಸಿಕೊಂಡಿರಬೇಕು, ಪಿತ್ತಕೋಶಕ್ಕೆ ಹೋಗುವ ಎರಡೇ ಎರಡು ರಚನೆಗಳು ಕಾಣಬೇಕು. ಮೂರೂ ಆಗುವ ತನಕ ಏನನ್ನೂ ಕತ್ತರಿಸುವಂತಿಲ್ಲ. ಎ4ರ ಹಿನ್ನಾಳ ಎಷ್ಟೇ ಹತ್ತಿರ ಬಂದರೂ ಅದು ಪಿತ್ತಕೋಶದೊಳಕ್ಕೆ ಹೋಗುವುದಿಲ್ಲ, ಆದ್ದರಿಂದ ಈ ಪರೀಕ್ಷೆಯಲ್ಲಿ ಅದು ಉಳಿದುಕೊಳ್ಳುತ್ತದೆ. ಎ5ನ್ನು ಮಾತ್ರ ಈ ಷರತ್ತುಗಳಷ್ಟೇ ಕಾಯಲಾರವು. ಪಿತ್ತಕೋಶದ ಹತ್ತಿರದಲ್ಲೇ ಕ್ಲಿಪ್ ಹಾಕುವ ಅಭ್ಯಾಸ ಮತ್ತು ಅನುಮಾನ ಬಂದಾಗ ಅಲ್ಲೇ ನಾಳದ ಚಿತ್ರ ತೆಗೆಯುವುದು, ಇವೆರಡು ಅದಕ್ಕೆ ಮದ್ದು.

ಇನ್ನೊಂದು ಗುರುತು ರುವಿಯೇರ್ ಸೀಳು. ಲಿವರ್‌ನ ಬಲಭಾಗದ ತಳದಲ್ಲಿ ಕಾಣುವ ಈ ಸಂದಿನೊಳಗೆ ಇರುವುದು ಬಹುಮಟ್ಟಿಗೆ ಬಲ ಹಿಂಭಾಗಕ್ಕೆ ಹೋಗುವ ಕವಲುಗಳೇ. ಈ ಸೀಳಿನಿಂದ 4ನೇ ಭಾಗದ ಬುಡಕ್ಕೆ ಒಂದು ಗೆರೆ ಊಹಿಸಿಕೊಂಡು ಅದರ ಮೇಲ್ಗಡೆಯೇ ಬಿಡಿಸುತ್ತ ಹೋದರೆ ಮುಖ್ಯ ನಾಳಗಳಿಂದ ದೂರ ಇರುತ್ತೀರಿ. ಐಸಿಜಿ ಬಣ್ಣವನ್ನು ಮುಂಚೆಯೇ ರಕ್ತಕ್ಕೆ ಕೊಟ್ಟು ವಿಶೇಷ ಕ್ಯಾಮೆರಾದಲ್ಲಿ ನೋಡಿದರೆ ನಾಳಗಳು ಹೊಳೆಯುತ್ತವೆ. ಊತವಿರುವ ದಪ್ಪ ಕೊಬ್ಬಿನ ಕೆಳಗೆ ಆ ಬೆಳಕು ಹಾಯದು. ತ್ರಿಕೋನ ಕಲ್ಲಿನಂತೆ ಗಟ್ಟಿಯಾಗಿ ಷರತ್ತುಗಳು ಈಡೇರದಿದ್ದರೆ ಪಿತ್ತಕೋಶದ ಒಂದು ಭಾಗ ಬಿಟ್ಟು ಉಳಿದದ್ದು ತೆಗೆದು ಹೊರಬನ್ನಿ.

ದಾನಿಗಳಿಗೆ ಮತ್ತು ರೋಗಿಗಳಿಗೆ

ನಿಮ್ಮ ವರದಿಯಲ್ಲಿ ನಾಳಗಳು ಬೇರೆ ಥರ ಇವೆ ಎಂದಿದ್ದರೆ ಅದು ರೋಗವಲ್ಲ, ಔಷಧ ಬೇಕಿಲ್ಲ, ಪಥ್ಯವೂ ಬೇಕಿಲ್ಲ. ಮುಂದೆ ಎಂದಾದರೂ ಪಿತ್ತಕೋಶದ ಶಸ್ತ್ರಚಿಕಿತ್ಸೆ ಬಂದರೆ ಈ ವರದಿಯನ್ನು ಸರ್ಜನ್ ಕೈಗೆ ಕೊಡಿ, ಅಷ್ಟೇ. ಮನೆಯವರಿಗೆ ಲಿವರ್ ಕೊಡಲು ಮುಂದಾದವರು ಈ ಕಾರಣಕ್ಕೇ ತಿರಸ್ಕೃತರಾಗುತ್ತಾರೆ ಎಂದೂ ಇಲ್ಲ. ಎರಡು ಬಾಯಿಗಳನ್ನು ಒಂದಾಗಿ ಹೊಲಿಯಬಹುದು, ಬೇರೆಬೇರೆಯಾಗಿ ಜೋಡಿಸಬಹುದು. ಪಡೆಯುವವರಲ್ಲಿ ಸೋರಿಕೆ, ಕಿರಿದಾಗುವಿಕೆಯ ಅಪಾಯ ಸ್ವಲ್ಪ ಹೆಚ್ಚುವುದು ನಿಜ. "ನನ್ನ ಬಲಭಾಗದಲ್ಲಿ ಎಷ್ಟು ಬಾಯಿ ಸಿಗಬಹುದು? ನನಗೆ ಉಳಿಯುವ ನಾಳಕ್ಕೆ ಏನು ಅಪಾಯ?" ಈ ಎರಡು ಪ್ರಶ್ನೆ ಕೇಳಲು ಹಿಂಜರಿಯಬೇಡಿ.

ಪಿತ್ತಕೋಶ ತೆಗೆಸಿಕೊಂಡು ಮನೆಗೆ ಬಂದ ಮೇಲೆ ಹೊಟ್ಟೆನೋವು ದಿನೇದಿನೇ ಇಳಿಯಬೇಕು. ಇಳಿಯದೆ ಏರಿದರೆ, ಜ್ವರ, ಹೊಟ್ಟೆಯುಬ್ಬರ, ವಾಂತಿ, ಕಣ್ಣು ಹಳದಿಯಾಗುವುದು ಇದ್ದರೆ, "ಗ್ಯಾಸ್ ಇರಬೇಕು" ಎಂದು ಕೂರದೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಹಂತ 11: ಸೋರಿಕೆಯಾದಾಗ ಮತ್ತೆ ಓದುವ ಬಗೆ

ಹಿನ್ನಾಳ ಗಾಯಗೊಂಡಾಗ ಅದು ಸುಲಭಕ್ಕೆ ಸಿಕ್ಕಿಬೀಳುವುದಿಲ್ಲ. ಕ್ಲಿಪ್ ಬಿದ್ದು ಮುಚ್ಚಿದ್ದರೆ, ನಾಳದ ಗಾಯಗಳ ಸ್ಟ್ರಾಸ್‌ಬರ್ಗ್ ವರ್ಗೀಕರಣದಲ್ಲಿ ಬಿ, ಲಿವರ್‌ನ ಉಳಿದ ಭಾಗ ಚೆನ್ನಾಗಿಯೇ ಕೆಲಸ ಮಾಡುವುದರಿಂದ ಬಿಲಿರುಬಿನ್ ಏರದೆಯೂ ಇರಬಹುದು. ವರ್ಷಗಳ ನಂತರ ಬಲಭಾಗದ ನೋವು, ಜ್ವರ ಎಂದು ರೋಗಿ ಬಂದಾಗ ಆ ಭಾಗ ಕುಗ್ಗಿರುತ್ತದೆ. ಕತ್ತರಿಸಿ ತೆರೆದೇ ಬಿಟ್ಟಿದ್ದರೆ, ಸಿ, ಪಿತ್ತ ಹೊಟ್ಟೆಯೊಳಗೆ ಸೋರುತ್ತದೆ. ಆಗ ಇಆರ್‌ಸಿಪಿ (ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಪಿತ್ತನಾಳದ ಎಕ್ಸ್‌ರೇ ತೆಗೆಯುವ ವಿಧಾನ) ಮಾಡಿ ಕೆಳಗಿನಿಂದ ಕಾಂಟ್ರಾಸ್ಟ್ ತುಂಬಿದರೆ ಎಲ್ಲ ಸರಿಯಾಗಿ ಕಾಣುತ್ತದೆ, ಸೋರಿಕೆ ಎಲ್ಲೂ ಕಾಣುವುದಿಲ್ಲ. ಕತ್ತರಿಸಿದ ನಾಳ ಈಗ ಆ ಮರಕ್ಕೆ ಸೇರಿಯೇ ಇಲ್ಲವಲ್ಲ!

ಇಲ್ಲಿ ಕಂಡದ್ದನ್ನು ನೋಡುತ್ತ ಕೂರದೆ, ಕಾಣದಿರುವುದನ್ನು ಲೆಕ್ಕ ಹಾಕಿ. ಇಆರ್‌ಸಿಪಿ ಚಿತ್ರದಲ್ಲಿ ಎಡಭಾಗ ತುಂಬಿದೆಯೇ, 5 ಮತ್ತು 8 ತುಂಬಿವೆಯೇ, 6 ಮತ್ತು 7 ಎಲ್ಲಿ ಎಂದು ಒಂದೊಂದಾಗಿ ಎಣಿಸಿ. ರೋಗಿ ಬೋರಲು ಮಲಗಿದ್ದರೆ ಭಾರವಾದ ಕಾಂಟ್ರಾಸ್ಟ್ ಮುಂದಿರುವ ಎಡಭಾಗಕ್ಕೆ ಮೊದಲು ಹರಿಯುತ್ತದೆ, ಹಿನ್ನಾಳ ಸುಮ್ಮನೆ ತುಂಬದೆ ಉಳಿದಿರಲೂಬಹುದು. ಮಗ್ಗುಲು ಬದಲಿಸಿ ಇನ್ನೊಮ್ಮೆ ತುಂಬಿಸಿ ನೋಡಿ. ಆಗಲೂ 6 ಮತ್ತು 7 ಖಾಲಿಯಿದ್ದರೆ ಗ್ಯಾಡಾಕ್ಸೆಟೇಟ್ ಕೊಟ್ಟು ಎಂಆರ್‌ಐ ತೆಗೆಸಿ. ಅದರಲ್ಲಿ ಪಿತ್ತ ಮೇಲಿನಿಂದ ಕೆಳಕ್ಕೆ ತಾನಾಗಿ ಹರಿಯುವುದರಿಂದ ಕಡಿದ ನಾಳದ ಬಾಯಿಂದ ಕಾಂಟ್ರಾಸ್ಟ್ ಹೊರಚೆಲ್ಲುವುದು ನೇರವಾಗಿ ಕಾಣಸಿಗುತ್ತದೆ; ಬೇಗ ಕಾಣದಿದ್ದರೆ ಒಂದೆರಡು ಗಂಟೆ ಬಿಟ್ಟು ತಡವಾದ ಚಿತ್ರವನ್ನೂ ತೆಗೆಸಿ. ಸರಿಪಡಿಸುವ ಕೆಲಸವನ್ನು ಪಿತ್ತನಾಳ ಜೋಡಿಸಿ ಅನುಭವವಿರುವ ತಂಡಕ್ಕೆ ಒಪ್ಪಿಸಿ, ಕಳಿಸುವಾಗ ಹಳೆಯ ಚಿತ್ರಗಳ ಸಿಡಿಯನ್ನೂ ಜೊತೆಗೆ ಕೊಡಿ.